ಬೀಜದ ಕುಂಬಳಕಾಯಿ

ಖಂಡೆಪ್ಪನಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ, ಗುಟ್ಕಾ ಕೂಡ ಇರಲಿಲ್ಲ. ಇದ್ದದ್ದು ಒಂದೇ ಚಟ. ಯಾರಾದರೂ ಒಂದು ಸಣ್ಣ ಉಪಕಾರ ಮಾಡಿದರೆ ಸಾಕು, ಅವರ ಕೈಯಲ್ಲಿ ಏನಾದರೂ ಹಿಡಿಸದೆ ಕಳಿಸಲು ಅವನಿಂದ ಆಗುತ್ತಿರಲಿಲ್ಲ. ಶಹಾಬಾದಿನ ಫರಸಿಕಲ್ಲಿನ ಪಾಲಿಶ್ ಅಂಗಳದಲ್ಲಿ ಅವನ ಕೆಲಸ. ಅಲ್ಲಿ ಯಾರೋ ಅವನಿಗೆ ಅರ್ಧ ಕಪ್ ಚಹಾ ಕುಡಿಸಿದರೆ ಮರುದಿನ ಅವರ ಮನೆಗೆ ಒಂದು ಸಿವುಡು ಮೆಂತ್ಯಪಲ್ಯ ಹೋಗುತ್ತಿತ್ತು. ಬಸ್ಸಿನಲ್ಲಿ ಸರಿದು ಕೂತು ಜಾಗ ಕೊಟ್ಟವನಿಗೂ ಎರಡು ಬದನೆಕಾಯಿ ಸಿಗುತ್ತಿದ್ದವು. "ನಿಮ್ಮ ಕೈಗೆ ಬೀಗ ಹಾಕಬೇಕು ನೋಡ್ರಿ" ಎಂದು ಹೆಂಡತಿ ದೇವಿಕಾ ಆಗಾಗ ಹೇಳುತ್ತಿದ್ದಳು. ಹೇಳುತ್ತಿದ್ದಳೇ ಹೊರತು ಹಾಕಿರಲಿಲ್ಲ, ಅದೇ ತಪ್ಪಾಯಿತು.

ಊರ ಹೊರಗೆ ಅವರದು ಒಂದೂವರೆ ಎಕರೆ ಹೊಲ, ಹೊಲದಲ್ಲೇ ಮನೆ. ಪಾಲಿಶ್ ಅಂಗಳದಲ್ಲಿ ಬೇಡವೆಂದು ಬಿಸಾಕಿದ ಒಡಕು ಫರಸಿಗಳನ್ನು ತಂದು ನಿಲ್ಲಿಸಿ ಖಂಡೆಪ್ಪ ಮಡಿಗಳಿಗೆ ಅಂಚು ಕಟ್ಟಿದ್ದ. ಶಿವರಾತ್ರಿ ಕಳೆದಿತ್ತು. ಮೆಂತ್ಯ, ಪುಂಡಿಪಲ್ಯ, ಬೆಂಡೆ, ಹೀರೆ ಎಲ್ಲದಕ್ಕೂ ಮಡಿ ಸಿದ್ಧವಾಗಿತ್ತು. ಆದರೆ ಮೂರು ದಿನದಿಂದ ಬೋರಿಗೆ ಕರೆಂಟಿಲ್ಲ. ಶನಿವಾರ ಸಂಜೆ ಲೈನ್‌ಮನ್ ಅಂಬರಾಯ ತನ್ನ ರಜೆಯ ದಿನ ಬಂದು, ಕಂಬ ಹತ್ತಿ, ತಂತಿ ಕೂಡಿಸಿ ಇಳಿದ. ಪೈಪಿನಲ್ಲಿ ನೀರು ಭಸ್ಸೆಂದು ಬಂದಾಗ ಖಂಡೆಪ್ಪನ ಕಣ್ಣಲ್ಲೂ ನೀರು ಬಂತು. ಏನು ಕೊಡಲಿ, ಏನು ಕೊಡಲಿ ಎಂದು ಮನೆಯೊಳಗೆ ಓಡಾಡಿದ. ಹೊಲದಲ್ಲಿ ಇನ್ನೂ ಏನೂ ಬೆಳೆದಿಲ್ಲ. ಜಂತಿಗೆ ಕಟ್ಟಿದ ನೆಲುವಿನಲ್ಲಿ ಒಂದು ಕುಂಬಳಕಾಯಿ ತೂಗುತ್ತಿತ್ತು. ಇಳಿಸಿ ಕೊಟ್ಟೇಬಿಟ್ಟ. ದೇವಿಕಾ ಹೊಲದಲ್ಲಿದ್ದಳು, ತಾಯಿ ಮರೆಮ್ಮ ಹೊರಸಿನ ಮೇಲೆ ನಿದ್ದೆಯಲ್ಲಿದ್ದಳು. ಕೊಟ್ಟವನಿಗೂ ತಗೊಂಡವನಿಗೂ ಬಹಳ ಸಂತೋಷವಾಯಿತು.

ಭಾನುವಾರ ಬೆಳಿಗ್ಗೆ ದೇವಿಕಾ ಹತ್ತು ಕುಣಿ ತೋಡಿ, ಗೊಬ್ಬರ ತುಂಬಿ, ನೀರು ಬಿಟ್ಟು ಕೈ ತೊಳೆದು ಬಂದಳು.

"ರೀ, ಆ ಬೀಜದ ಕಾಯಿ ಇಳಸ್ರಿ. ಹೊತ್ತು ವಾಲಿದ ಮ್ಯಾಲ ಬೀಜ ಹಾಕೂಣು."

"ಬೀಜದ ಕಾಯಿನಾ? ಯಾವುದು?"

"ನೆಲುವಿನ್ಯಾಗ ಇಟ್ಟೀನಲ್ರಿ, ತೊಟ್ಟಿಗೆ ಕೆಂಪು ದಾರ ಕಟ್ಟಿ."

ಖಂಡೆಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. ಕೆಂಪು ದಾರವನ್ನು ಅವನು ನೋಡಿದ್ದ. ದೃಷ್ಟಿಗೆ ಕಟ್ಟಿರಬೇಕು ಅಂದುಕೊಂಡು ಅದರ ಸಮೇತ ಕೊಟ್ಟಿದ್ದ.

ಆ ಕಾಯಿಯ ವಿಷಯ ಸಣ್ಣದಲ್ಲ. ಮರೆಮ್ಮ ಮದುವೆಯಾಗಿ ಬರುವಾಗ ಸೆರಗಿನ ಗಂಟಿನಲ್ಲಿ ತಂದ ಬೀಜದ ವಂಶ ಅದು. ವರ್ಷಕ್ಕೊಂದು ಒಳ್ಳೆಯ ಕಾಯಿಯನ್ನು ಅಡುಗೆಗೆ ಹೆಚ್ಚದೆ, ಮಾರದೆ, ಕೆಂಪು ದಾರ ಕಟ್ಟಿ ತೂಗುಹಾಕುವುದು, ಮುಂದಿನ ಬಿತ್ತನೆಯ ದಿನ ಒಡೆದು ಬೀಜವನ್ನು ಬೂದಿಯಲ್ಲಿ ಹೊರಳಿಸಿ ಹಾಕುವುದು. ಬೆಲ್ಲ ಹಾಕದೆಯೇ ಸಿಹಿಯಾಗುವ ಕುಂಬಳ. ಕಣ್ಣಿಗೆ ಪೊರೆ ಬಂದ ಮೇಲೆ ಮರೆಮ್ಮ ಸೊಸೆಯನ್ನು ಕೂರಿಸಿಕೊಂಡು, "ಇನ್ನ ಬೀಜದ ಕಾಯಿ ನಿನ್ನ ಹವಾಲಿ ನೋಡವ್ವ" ಎಂದು ಒಪ್ಪಿಸಿದ್ದಳು. ದೇವಿಕಾಳಿಗೆ ಈ ಮನೆಯ ಬೀಗದ ಕೈ ಸಿಕ್ಕಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ. ಇದು ಅವಳ ಮೊದಲ ವರ್ಷ.

ಖಂಡೆಪ್ಪ ನಡೆದದ್ದನ್ನು ಪಿಸುಗುಟ್ಟಿದ. ದೇವಿಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಖಾಲಿ ನೆಲುವನ್ನು ನೋಡುತ್ತ ನಿಂತಳು, ಕಣ್ಣು ತುಂಬಿಬಂದವು.

"ಅತ್ತಿ ನಲವತ್ತು ವರ್ಷ ಕಾದಾರ. ನಾ ನಾಕು ತಿಂಗಳ ಕಾಯಲಿಲ್ಲ ಅಂತ ಆಗ್ತದ."

"ಅಳಬ್ಯಾಡ. ಹೊತ್ತು ಮುಳಗೂದ್ರೊಳಗ ತರ್ತೀನಿ. ಅಂಬರಾಯ ಒಂದೇ ರಾತ್ರ್ಯಾಗ ಅಷ್ಟು ದೊಡ್ಡ ಕಾಯಿ ತಿಂದಿರ್ತಾನೇನು?"

"ತಂದ್ರ ಸರಿ. ಅಲ್ಲೀತನಕ ಅತ್ತಿಗೆ ಗೊತ್ತಾಗಬಾರದು."

ಹೀಗೆಂದು ಅವಳು ಗಂಡನ ಕೆಲಸದ ಹಳದಿ ಹೆಲ್ಮೆಟ್ಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನೆಲುವಿನಲ್ಲಿಟ್ಟಳು. ದೂರದಿಂದ ನೋಡಿದರೆ ಕಾಯಿಯೇ. ಮರೆಮ್ಮನಿಗೆ ಹೋದ ತಿಂಗಳು ಪೊರೆ ತೆಗೆದಿದ್ದರು, ಈಗ ಇರುವೆಯೂ ಕಾಣುತ್ತಿತ್ತು, ಅದೇ ಭಯ. ಮುದುಕಿ ಒಳಗೆ ಬಂದು, ನೆಲುವಿನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ, "ಇವತ್ತೇ ಹಾಕಬೇಕೇನವ್ವ? ಒಂದೆಂಟು ದಿನ ಹೋಗಲಿ ಬಿಡು" ಅಂದಳು.

"ಸಂಜಿಗೆ ಹಾಕೂಣ್ರಿ ಅತ್ತಿ" ಎಂದಳು ದೇವಿಕಾ. ಖಂಡೆಪ್ಪ ಆಗಲೇ ಮೊಪೆಡ್ ಚಾಲೂ ಮಾಡಿದ್ದ.

ಅಂಬರಾಯ ಮನೆಯಲ್ಲಿರಲಿಲ್ಲ, ಮಸೀದಿ ಓಣಿಯ ಕಂಬದ ಮೇಲಿದ್ದ. ಖಂಡೆಪ್ಪನನ್ನು ಕಂಡದ್ದೇ ಮೇಲಿನಿಂದ ಇಡೀ ಓಣಿಗೆ ಕೇಳುವಂತೆ ಕೂಗಿದ.

"ಏ ಖಂಡೆಪ್ಪಣ್ಣ! ನೋಡ್ರಪ್ಪೋ, ಮನಸ್ಯಾ ಅಂದ್ರ ಇವನು! ಹದಿನೆಂಟು ವರ್ಷ ಕಂಬ ಹತ್ತೀನಿ, ಮಂದಿ ಬೈಗುಳ ಕೊಟ್ಟಾರ. ಕುಂಬಳಕಾಯಿ ಕೊಟ್ಟಾವ ಇವನೊಬ್ಬನೇ!"

ಕಿಟಕಿಗಳು ತೆರೆದವು. ನಾಲ್ಕು ಜನ ಖಂಡೆಪ್ಪನಿಗೆ ಕೈಮುಗಿದರು. ಈಗ ಹೇಗೆ ಕೇಳುವುದು? ಕೊಟ್ಟದ್ದನ್ನು ವಾಪಸ್ ಕೊಡಪ್ಪ ಎಂದು ಕಂಬದ ಮೇಲಿರುವವನಿಗೆ ಕೂಗಿ ಹೇಳಬೇಕು, ಅದೂ ಓಣಿಯ ಮುಂದೆ.

"ಅಂಬರಾಯ, ಆ ಕಾಯಿ... ಹ್ಯಾಂಗಿತ್ತು?"

"ನಾ ತಿಂದಿಲ್ಲೋ ಅಣ್ಣ! ತಾಜುನ್ನಿಸಾ ಟೀಚರಿಗೆ ಕೊಟ್ಟೆ. ನಮ್ಮ ಹುಡುಗಿ ಗಣಿತದಾಗ ಪಾಸಾಗಿದ್ದೇ ಅವರಿಂದ. ಅಂಥಾ ಉಪಕಾರಕ್ಕ ಅಂಥಾ ಕಾಯೇ ಆಗಬೇಕು. ತಡಿ, ಬರಿಗೈಲೆ ಹೋಗಬ್ಯಾಡ!" ಎಂದು ಬಳ್ಳಿ ಕಟ್ಟಲು ಬರುತ್ತದೆಂದು ಒಂದು ಸುರುಳಿ ಹಳೇ ತಂತಿಯನ್ನು ಮೇಲಿನಿಂದ ಎಸೆದ. ಅದು ಬಂದು ಖಂಡೆಪ್ಪನ ಕೊರಳಿಗೇ ಬಿತ್ತು. ಓಣಿಯವರು ಚಪ್ಪಾಳೆ ತಟ್ಟಿದರು.

ತಾಜುನ್ನಿಸಾ ಟೀಚರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ಬಾಗಿಲಿಗೆ ಬಂದವರನ್ನು ನೇರ ನಿಲ್ಲಿಸಿ, ಶರ್ಟಿನ ಗುಂಡಿ ಹಾಕಿಸಿಯೇ ಒಳಗೆ ಬಿಡುತ್ತಿದ್ದರು.

"ಅರೇ, ಆ ಕದ್ದೂ, ಆ ಕುಂಬಳಕಾಯಿ, ನಿನ್ನ ಹೊಲದ್ದೇನೋ ಬೇಟಾ? ಬಾ ಬಾ, ಕೂಡು. ಏನ್ ಸುಂದರ ಕಾಯಿ, ತಲಿ ಮ್ಯಾಲ ಕೆಂಪು ದಾರ ಬ್ಯಾರೆ! ಅಲ್ಲಾ ನಿನಗ ಭಾಳ ಬರಕತ್ ಕೊಡಲಿ."

ಖಂಡೆಪ್ಪ ಕೂತ. ಸೇವಿಗೆ ಬಂತು, ತಿಂದ. ಚಹಾ ಬಂತು, ಕುಡಿದ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಟೀಚರು ಇನ್ನೊಂದು ದುವಾ ಸುರಿಸುತ್ತಿದ್ದರು. ಆ ದುವಾಗಳ ಕೆಳಗೆ ಸಿಕ್ಕಿಕೊಂಡು ಅವನ ಕುತ್ತಿಗೆ ಬಗ್ಗಿಹೋಯಿತು.

"ಟೀಚರ್, ಅದು ಒಳಗ ಅದೇನ್ರಿ? ಒಮ್ಮಿ ನೋಡ್ಲಿ ಅಂತ..."

"ಒಳಗ ಎಲ್ಲೀದೋ? ಮುಂಜಾನೇ ವಾಡಿಗೆ ಹೋತು. ಹೋದ ವಾರ ಗಾಡ್ಯಾಗ ನನ್ನ ಚಸ್ಮಾ ಮರೆತು ಇಳದಿದ್ದೆ. ರೈಲ್ವೆದಾಗ ಶಂಕರಲಿಂಗ ಅಂತ ಒಬ್ಬ ಇದ್ದಾನ, ಮನಿ ಹುಡುಕಿಕೊಂಡು ಬಂದು ಕೊಟ್ಟ. ಚಸ್ಮಾ ಇಲ್ದ ನಾ ಕುರುಡಿ. ಅಂಥಾವನಿಗೆ ಏನೂ ಕೊಡದಿದ್ರ ಹ್ಯಾಂಗ?"

ಖಂಡೆಪ್ಪನಿಗೆ ಜೀವನದಲ್ಲಿ ಮೊದಲ ಬಾರಿ ಉಪಕಾರ ಸ್ಮರಣೆಯ ಮೇಲೆ ಸಿಟ್ಟು ಬಂತು. ಅಯ್ಯ, ಈ ಊರಲ್ಲಿ ಒಬ್ಬರಾದರೂ ಉಪಕಾರ ಮರೆಯುವವರು ಇರಬಾರದೇ! ಟೀಚರು ಹಿತ್ತಲಿನಿಂದ ಒಂದು ಹೊರೆ ನುಗ್ಗೆಕಾಯಿ ಕೊಯ್ಸಿ ಮೊಪೆಡ್ಡಿನ ಹಿಂದೆ ಕಟ್ಟಿಸಿದರು.

ವಾಡಿಯ ದಾರಿಯಲ್ಲಿ ಕಲ್ಲಿನ ಲಾರಿಗಳ ಧೂಳು ಕುಡಿಯುತ್ತ ಹೋದ. ರೈಲ್ವೆ ಕ್ವಾರ್ಟರ್ಸಿಗೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಶಂಕರಲಿಂಗ ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಬಾಗಿಲು ಬಡಿದಾಗ ಎದ್ದು ಬಂದು, ಕೊರಳಲ್ಲಿ ತಂತಿ, ಮೊಪೆಡ್ಡಿನ ಬೆನ್ನಿಗೆ ನುಗ್ಗೆಕಾಯಿ ಕಟ್ಟಿಕೊಂಡ ಮನುಷ್ಯನನ್ನು ನೋಡಿ ಕಣ್ಣುಜ್ಜಿಕೊಂಡ. ವಿಷಯ ತಿಳಿದದ್ದೇ ಅಪ್ಪಿಕೊಂಡ.

"ನಿಮ್ಮ ಹೊಲದ್ದೇನ್ರಿ ಆ ಕಾಯಿ? ನಿಮ್ಮಂಥಾ ಮಂದಿ ಬೆಳೀತಿರಿ ಅಂತ ನಾವು ತಿಂತೀವಿ. ಆದ್ರ ಖರೇ ಹೇಳ್ತೀನ್ರಿ, ನನಗ ಅಡಗಿ ಬರಂಗಿಲ್ಲ. ಮನ್ಯಾಕಿ ತವರಿಗೆ ಹೋಗ್ಯಾಳ. ಬಾಜೂ ಮನಿ ಅನಸುಬಾಯಿ ದಿನಾ ಎರಡು ರೊಟ್ಟಿ ಕಳಸ್ತಾರ. ಅವರಿಗೆ ಕೊಟ್ಟೆ. ಇವತ್ತು ಅವರ ಮನ್ಯಾಗ ಊಟ ಅದ, ಕೊಯ್ಯಾಕತ್ತಿರ್ಬೇಕು ನೋಡ್ರಿ."

ಕೊಯ್ಯುವ ಮಾತು ಕೇಳಿದ್ದೇ ತಡ, ಖಂಡೆಪ್ಪ ಓಡಿದ. ಹಿಂದಿನಿಂದ ಶಂಕರಲಿಂಗ, "ತಡೀರಿ, ಒಂದು ಕೋಳಿ ಕಟ್ತೀನಿ!" ಎಂದು ಕೂಗುತ್ತಲೇ ಇದ್ದ.

ಅನಸುಬಾಯಿಯ ಮನೆಯ ಮುಂದೆ ಚಪ್ಪರ ಹಾಕಿದ್ದರು. ಮಗ ಪ್ರಬುದ್ಧನಿಗೆ ನೌಕರಿ ಸಿಕ್ಕಿತ್ತು. ಎರಡು ಕೋಣೆಯ ಮನೆಯಲ್ಲಿ ಹುಡುಗನಿಗೆ ಓದಲು ಜಾಗವಿಲ್ಲದಾಗ ಓಣಿಯವರು ಪಾಳಿಯ ಮೇಲೆ ತಮ್ಮ ಮನೆ ಬಿಟ್ಟುಕೊಟ್ಟಿದ್ದರು. ಅವರೆಲ್ಲರಿಗೂ ಇವತ್ತು ಊಟ. ನಡುವೆ ಫರಸಿಯ ಮೇಲೆ ಕೆಂಪು ದಾರದ ಕುಂಬಳಕಾಯಿ ಕೂತಿತ್ತು, ಅದರ ನೆತ್ತಿಯ ಮೇಲೆ ಅನಸುಬಾಯಿ ಕುಡುಗೋಲು ಎತ್ತಿದ್ದಳು.

"ತಡೀರೀ!"

ಎಲ್ಲರೂ ತಿರುಗಿದರು. ಖಂಡೆಪ್ಪನಿಗೆ ತೋಚಿದ್ದು ಒಂದೇ ಮಾತು. "ಇಡೀ ಕುಂಬಳಕಾಯಿ ಹೆಂಗಸರು ಒಡೀಬಾರದ್ರಿ. ಗಂಡಸೇ ಒಡೀಬೇಕು."

"ನಮ್ಮ ಮನ್ಯಾಗ ಅಂಥಾ ಶಾಸ್ತ್ರ ಇಲ್ರೀ ಅಣ್ಣ" ಎಂದಳು ಅನಸುಬಾಯಿ, ಕುಡುಗೋಲು ಇಳಿಸದೆ.

"ಒಡಿಯೋರು ಗಂಡಸೋ ಹೆಂಗಸೋ ಅಂತ ಕಾಯಿಗೆ ಹ್ಯಾಂಗ ಗೊತ್ತಾಗ್ತದ್ರಿ?" ಎಂದು ಪಕ್ಕದ ಮನೆಯ ಸಪ್ನಾ ಕೇಳಿದಾಗ ಚಪ್ಪರವೆಲ್ಲ ನಕ್ಕಿತು. ಆದರೆ ಈತನೇ ಕಾಯಿ ಬೆಳೆದವನೆಂದು ಶಂಕರಲಿಂಗ ಬಂದು ಹೇಳಿದ ಮೇಲೆ ಅನಸುಬಾಯಿಯ ಮುಖ ಅರಳಿತು.

"ಬೆಳದಾವ್ರೇ ಒಡೀಲಿ ಬಿಡು. ಕೆಲಸ ಮಾಡ್ತೀನಂತ ಬಂದ ಗಂಡಸಿನ್ನ ಯಾಕ ಕಳಸ್ಬೇಕು? ಕುಂದರ್ರಿ ಅಣ್ಣ. ಅದು ಆದ ಮ್ಯಾಲ ಅಲ್ಲಿ ಉಳ್ಳಾಗಡ್ಡಿ ಅದಾವ."

ಖಂಡೆಪ್ಪ ಕೂತ. ಕಾಯಿ ಒಡೆದ. ಒಳಗಿನ ಬೀಜವನ್ನು ಒಂದೂ ಬಿಡದೆ ಬೆರಳಿನಿಂದ ಕೆರೆದು ಕೆರೆದು ತನ್ನ ಟವೆಲ್ಲಿಗೆ ಹಾಕಿಕೊಂಡ. ನೆಲಕ್ಕೆ ಉರುಳಿದ ಎರಡು ಬೀಜಕ್ಕಾಗಿ ಸಪ್ನಾಳ ಚಪ್ಪಲಿಯ ಕೆಳಗೂ ಕೈ ಹಾಕಿದ.

"ಕಾಕಾ, ಬೀಜ ಯಾಕ್ರಿ?" ಎಂದು ಪ್ರಬುದ್ಧ ಕೇಳಿದ.

ಇಷ್ಟು ಒಳ್ಳೆಯ ಜನರ ಮುಂದೆ, ಕಾಯಿ ತಪ್ಪಿ ಕೊಟ್ಟೆ ಎಂದು ಹೇಳಲು ಅವನಿಗೆ ನಾಲಿಗೆ ಬರಲಿಲ್ಲ. "ಔಷಧಕ್ಕಪ್ಪ. ಹೊಟ್ಟಿ ಹುಳಕ್ಕ."

ಎಲ್ಲರೂ ಅವನ ಹೊಟ್ಟೆಯನ್ನು ಮರುಕದಿಂದ ನೋಡಿದರು. ಆಮೇಲೆ ಒಬ್ಬರು ಬೇವಿನ ಕಷಾಯ ಹೇಳಿದರು, ಒಬ್ಬರು ಬೆಳ್ಳುಳ್ಳಿ ಹೇಳಿದರು. ಒಬ್ಬ ಮುದುಕ ತನ್ನ ಹುಳದ ಕತೆಯನ್ನೇ ಮೊದಲಿನಿಂದ ಹೇಳಿದ. ಉಳ್ಳಾಗಡ್ಡಿ ಹೆಚ್ಚುತ್ತ ಹೆಚ್ಚುತ್ತ ಖಂಡೆಪ್ಪನ ಕಣ್ಣಲ್ಲಿ ನೀರಿಳಿದಾಗ, ಪಾಪ, ನೋವು ಬಹಳವಿದೆ ಎಂದು ಅನಸುಬಾಯಿ ಊಟಕ್ಕೆ ಕೂಡಿಸಿ ಎರಡು ಹೋಳಿಗೆ ಜಾಸ್ತಿ ಬಡಿಸಿದಳು. ಉಣ್ಣದೆ ಏಳಲು ಬಿಡಲಿಲ್ಲ. ಉಂಡ ಮೇಲೆ ಕುಂಬಳಕಾಯಿ ಪಲ್ಯದ ಡಬ್ಬಿ ಕಟ್ಟಿಕೊಟ್ಟು, "ನಿಮ್ಮ ಕಾಯಿಲಿಂದ ನಮ್ಮ ಊಟ ಚೆಂದಾತು ಅಣ್ಣ" ಎಂದು ಕೈಮುಗಿದಳು. ಖಂಡೆಪ್ಪನೂ ಕೈಮುಗಿದ. ಕೊಟ್ಟದ್ದು ತಪ್ಪಾಗಿರಬಹುದು, ಆದರೆ ಹೋದ ಕಡೆಯೆಲ್ಲ ಚಲೋ ಜನರ ಕೈಗೇ ಹೋಗಿದೆ ಎಂದು ಅವನಿಗೆ ಖರೆಯಾಗಿಯೂ ಅನ್ನಿಸಿತು.

ಹೊತ್ತು ಇಳಿಯುವಾಗ ಮನೆ ಮುಟ್ಟಿದ. ತಂತಿಯ ಸುರುಳಿ, ನುಗ್ಗೆಕಾಯಿಯ ಹೊರೆ, ಪಲ್ಯದ ಡಬ್ಬಿ, ಹ್ಯಾಂಡಲ್ಲಿಗೆ ತಲೆಕೆಳಗಾಗಿ ಕಟ್ಟಿದ ಶಂಕರಲಿಂಗನ ಕೋಳಿ. ಇಳಿಯುವ ಗಡಿಬಿಡಿಯಲ್ಲಿ ಕೋಳಿ ಬಿಡಿಸಿಕೊಂಡು ನೇರ ಮೆಂತ್ಯದ ಮಡಿಗೆ ಹೋಗಿ, ನಿನ್ನೆ ನೀರು ಬಂದ ಮೇಲೆ ಹಾಕಿದ ಬೀಜವನ್ನು ಕೆದರಿ ತಿನ್ನತೊಡಗಿತು. ದೇವಿಕಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಟವೆಲ್ಲಿನ ಗಂಟು ಬಿಚ್ಚಿ, ಬೀಜ ನೋಡಿ, ಅವನ ಧೂಳು ತುಂಬಿದ ಕೈಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು. ಹದಿನಾರು ವರ್ಷದ ಸಂಸಾರದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಬೀಜವನ್ನು ಬೂದಿಯಲ್ಲಿ ಹೊರಳಿಸಿ, ತೆಂಗಿನ ಪರಟೆಯಲ್ಲಿ ತುಂಬಿ, ಏನೂ ಆಗದವರಂತೆ ಇಬ್ಬರೂ ಮರೆಮ್ಮನ ಮುಂದೆ ಬಂದರು.

"ಅತ್ತಿ, ಕಾಯಿ ಒಡದೀವ್ರಿ. ಮೊದಲ ಬೀಜ ನಿಮ್ಮ ಕೈಲೇ ಹಾಕ್ರಿ."

ಮರೆಮ್ಮ ಕುಣಿಯ ದಂಡೆಗೆ ಕೂತಳು. ಅಂಗೈಯಲ್ಲಿ ಐದು ಬೀಜ ಹಿಡಿದು ಬಹಳ ಹೊತ್ತು ನೋಡಿದಳು. ಕೈ ಮಣ್ಣಿನವರೆಗೆ ಹೋಯಿತು, ವಾಪಸ್ ಬಂತು. ಮತ್ತೆ ಹೋಯಿತು, ಮತ್ತೆ ಬಂತು.

"ಇದನ್ನ ಹಾಕಾಕ ನನ್ನ ಕೈ ಬರವಲ್ದು. ಇದು ನಮ್ಮ ಬೀಜ ಅಲ್ಲ."

ಪೊರೆ ತೆಗೆದ ಡಾಕ್ಟರು ಇಷ್ಟು ಚೆನ್ನಾಗಿ ತೆಗೆಯಬಾರದಿತ್ತು ಎಂದು ಖಂಡೆಪ್ಪನಿಗೆ ಅನ್ನಿಸಿತು. ಅವನು ತಾಯಿಯ ಕಾಲಿಗೆ ಬಗ್ಗುವಷ್ಟರಲ್ಲಿ ಮುದುಕಿಯೇ ಸೊಸೆಯ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು.

"ತಪ್ಪಾತು ದೇವಿಕಾ. ನಿನ್ನ ಹವಾಲಿ ಕೊಟ್ಟು ನಾನೇ ಕಳವು ಮಾಡೀನಿ. ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲ ಕಂಡಿದ್ದು ಆ ನರ್ಸ್ ಜಬೀನಾನ ಮುಖ. ಹೆತ್ತ ಮಗಳಂಗ ನೋಡ್ಕೊಂಡಾಳ. ಎಂಟು ದಿನ ಬಿಟ್ಟು ತಪಾಸಣಿಗೆ ಹೋದ್ನಲ್ಲ, ಆವಾಗ ಬುತ್ತಿ ಅಂತ ಹೇಳಿ ಚೀಲದಾಗ ಬೀಜದ ಕಾಯಿ ಒಯ್ದು ಆಕಿಗೆ ಕೊಟ್ಟೆ. ಬರೂ ಮುಂದ ಶಹಾಬಾದ ಸಂತ್ಯಾಗ ಇನ್ನೊಂದು ಕೊಂಡು, ದಾರ ಕಟ್ಟಿ ನೆಲುವಿಗೆ ಇಟ್ಟೆ. ಮುಂಜಾನಿಂದ ಆ ನೆಲುವು ನೋಡಿ ನೋಡಿ ಎದಿ ಡವಡವ ಅನ್ನಾಕತ್ತದ."

ಖಂಡೆಪ್ಪ ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟ. ಬೆಳಗಿನಿಂದ ಅವನು ಧೂಳು ಕುಡಿದು, ಉಳ್ಳಾಗಡ್ಡಿ ಹೆಚ್ಚಿ, ಹೊಟ್ಟೆಯಲ್ಲಿ ಇಲ್ಲದ ಹುಳ ಇಟ್ಟುಕೊಂಡು ತಂದದ್ದು ಸಂತೆಯ ಕುಂಬಳಕಾಯಿಯ ಬೀಜ. ದೇವಿಕಾ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಒಳಗೆ ಹೋಗಿ ನೆಲುವಿನಿಂದ ಹೆಲ್ಮೆಟ್ ತಂದು ಅತ್ತೆಯ ಮುಂದಿಟ್ಟಳು. ಎಲ್ಲ ಕತೆ ಹೊರಬಿತ್ತು. ಮೂವರೂ ಕುಣಿಯ ಸುತ್ತ ಕೂತು ಹೊಟ್ಟೆ ಹಿಡಿದು ನಕ್ಕರು.

"ಜಬೀನಾ ಸಿಸ್ಟರ್ ನಂಬರ್ ಅದ" ಎಂದು ದೇವಿಕಾ ಕಣ್ಣೊರೆಸಿಕೊಂಡು ಫೋನ್ ಹಚ್ಚಿದಳು. ಜೋರಾಗಿ ಕೇಳುವಂತೆ ನಡುವೆ ಇಟ್ಟಳು.

"ಮರೆಮ್ಮಜ್ಜಿ ಮನಿಯವರೇನು? ಅಜ್ಜಿ ಕಣ್ಣು ಹ್ಯಾಂಗ ಅದ್ರಿ? ಕುಂಬಳಕಾಯಿನಾ? ಅಯ್ಯ, ನಾ ಒಬ್ಬಾಕಿ ಅಷ್ಟು ದೊಡ್ಡದು ಏನ್ ಮಾಡ್ಲಿ? ಅಜ್ಜಿ ಜೋಡಿ ಆಪರೇಶನ್ ಆದ ಹನ್ನೊಂದು ಮಂದಿ, ಅಜ್ಜಿ ಹೋದ ಮ್ಯಾಲ, ಆ ಮಧ್ಯಾಹ್ನ ತಪಾಸಣಿಗೆ ಬಂದಿದ್ರು. ಎಲ್ಲರಿಗೂ ಒಂದೊಂದು ಹೋಳು, ಬೀಜ ಸಮೇತ ಕೊಟ್ಟೆ. ಬೀಜ ನೆಲಕ್ಕ ಹಾಕ್ರಿ, ಮರೆಮ್ಮಜ್ಜಿ ಬೀಜ ಅಂತ ಹೇಳೇ ಕೊಟ್ಟೀನಿ. ಹೆಸರೇನ್ರಿ? ಒಂದೂ ನೆನಪಿಲ್ರಿ, ಹೆಸರು ಬರೆದ ಪುಸ್ತಕ ಕಣ್ಣಿನ ಶಿಬಿರದವರು ತಗೊಂಡು ಹೋದ್ರು."

ಫೋನ್ ಆರಿತು. ಹತ್ತು ಕುಣಿಗಳು ಬಾಯಿ ತೆರೆದುಕೊಂಡು ಕೂತಿದ್ದವು.

"ನಂಗೊತ್ತು ಅವರು" ಎಂದಳು ಮರೆಮ್ಮ. "ಒಬ್ಬಾಕಿ ಚಿಮ್ಮನಚೋಡದಾಕಿ, ಮಾತಿಗೊಮ್ಮೆ ಕೆಮ್ಮತಾಳ. ಚಿತ್ತಾಪುರದಾವ ಒಬ್ಬ, ಸಣ್ಣ ದನೀಲೆ ಭಜನಿ ಹೇಳ್ತಾನ. ಸೇಡಂದಾಕಿ ಒಬ್ಬಾಕಿ, ಸೊಸಿನ್ನ ಬೈಯೂದೇ ಕೆಲಸ."

"ಹೆಸರೇನಬೇ ಅವರದು?"

"ಹೆಸರು ಯಾರು ಕೇಳ್ಯಾರ?"

"ಮುಖ ನೋಡಿದ್ರ ಗುರುತು ಹಿಡೀತೀಯೇನು?"

"ಮುಖ ಎಲ್ಲಿ ನೋಡೀನಿ? ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಾಗ ಮಂಜು. ಪಟ್ಟಿ ಬಿಚ್ಚೂದ್ರೊಳಗ ಅವರೆಲ್ಲ ಊರಿಗೆ ಹೋಗಿದ್ರು. ದನಿ ಕೇಳಿದ್ರ ಹೇಳ್ತೀನಿ." ಮರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಪರೇಶನ್ ದಿನ ನಾ ಅಂಜಿ ಕೂಸಿನಂಗ ಅಳಾಕತ್ತಿದ್ದೆ ಖಂಡೆಪ್ಪ. ಆ ಹನ್ನೊಂದು ಮಂದಿ ತಮ್ಮ ನೋವು ಬಿಟ್ಟು, ಒಬ್ಬರಾದ ಮ್ಯಾಲ ಒಬ್ಬರು ನನ್ನ ಮಾತಾಡಿಸ್ಯಾರ. 'ಮರೆಮ್ಮ, ಕಣ್ಣು ಬರ್ತಾವ, ಅಳಬ್ಯಾಡ' ಅಂದಾರ. ಕಣ್ಣು ಬಂದಾವ. ಆದ್ರ ಅವರ ಮುಖ ಇನ್ನೂ ನೋಡಿಲ್ಲ. ಬೀಜ ಸಿಗಲಿ ಬಿಡಲಿ, ಒಮ್ಮಿ ನೋಡಿ ಬರಬೇಕು ಅಂತ ಜೀವ ಎಳ್ಯಾಕತ್ತದ."

ಖಂಡೆಪ್ಪ ದೇವಿಕಾಳ ಮುಖ ನೋಡಿದ, ದೇವಿಕಾ ಅವನ ಮುಖ ನೋಡಿದಳು. ಇದಕ್ಕೆ ಇಲ್ಲವೆನ್ನುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ.

"ಹಂಗಾದ್ರ ಎಲ್ಲಿಂದ ಸುರು ಮಾಡೂದಬೇ?"

"ಸೇಡಂದಿಂದ" ಎಂದಳು ಮರೆಮ್ಮ, ಆಗಲೇ ಎದ್ದು ಸೀರೆಗೆ ಹತ್ತಿದ ಮಣ್ಣು ಝಾಡಿಸುತ್ತ. "ನಾಳಿ ಹರ್ಯಾಗೆದ್ದು ಹೋಗಿ, ಒಂದೊಂದು ಓಣಿಯೊಳಗ ಗಾಡಿ ಸಾವಕಾಶ ಹೊಡಿ. ಆಕಿ ಎದ್ದ ಕೂಡ್ಲೇ ಸೊಸಿನ್ನ ಬೈಯಾಕ ಸುರು ಮಾಡ್ತಾಳ. ಎಲ್ಲರಕಿಂತ ಜಲ್ದಿ ಸಿಗ್ತಾಳ ನೋಡು."